ಹತ್ತೇ ತಿನ್ನುವ ಕೋವಿ

ನಮ್ಮ ಕಡೆಯ ಐಟಿಐ ಕಲಿತ ಹುಡುಗರು ಈಗ ಸೌದಿಯ ಶೂಟಿಂಗ್ ಕ್ಲಬ್ಬುಗಳಿಗೆ, ಬೇಟೆ ಕೋವಿಯ ಅಂಗಡಿಗಳಿಗೆ ರಿಪೇರಿ ಕೆಲಸಕ್ಕೆ ಹೋಗುತ್ತಿದ್ದಾರೆ. ವೀಸಾ ಕೈಗೆ ಬಂದ ಮೇಲೆ ಕೆಲವರು ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. "ಆಚಾರ್ರೇ, ಅಲ್ಲಿ ಎಂತೆಲ್ಲ ಗೊತ್ತಿರ್ಬೇಕು?" ಎಂದು ಕೇಳುತ್ತಾರೆ. ಸ್ಪ್ರಿಂಗಿಗೆ ಹದ ಕೊಡುವುದು, ನಳಿಗೆಯ ತುಕ್ಕು ತೆಗೆಯುವುದು, ಇವನ್ನೆಲ್ಲ ಅವರು ಮೊಬೈಲಿನಲ್ಲಿ ನೋಡಿ ಕಲಿತೇ ಬಂದಿರುತ್ತಾರೆ. ಹಾಗಾಗಿ ನಾನು ಅವರಿಗೆ ಹೇಳುವುದು ಬೇರೆಯದು. ತಾಯಿಫಿನಲ್ಲಿ ಹಮೀದಾಕನಿಗೆ ಗುಂಡು ಬಿದ್ದ ದಿನದ ಸಂಗತಿ. ಆ ಗುಂಡು ನನ್ನಿಂದಾಗಿಯೇ ಬಿದ್ದದ್ದು ಎಂದು ಇಡೀ ಅಂಗಡಿ ನಂಬಿತ್ತು.

ನನ್ನ ಅಪ್ಪ ಕಾರ್ಕಳದ ಕಡೆ ಕೇಪಿನ ಕೋವಿ ರಿಪೇರಿ ಮಾಡುತ್ತಿದ್ದವರು. ಹಂದಿ, ಮಂಗಗಳ ಕಾಟಕ್ಕೆ ಲೈಸೆನ್ಸ್ ಮಾಡಿಸಿಕೊಂಡ ಕೃಷಿಕರ ಕೋವಿಗಳು ನಮ್ಮ ಕುಲುಮೆಯ ಗೋಡೆಗೆ ಒರಗಿ ನಿಂತಿರುತ್ತಿದ್ದವು. ನನಗೆ ಆ ಕೆಲಸ ಬೇಡವಿತ್ತು. ಫಿಟ್ಟರ್ ಕಲಿತು ಜುಬೈಲಿಗೆ ಹೋದೆ, ಕ್ಯಾಂಪಿನಲ್ಲಿ ಮಲಗಿ ಕಂಪೆನಿ ಬಸ್ಸಿನಲ್ಲಿ ಓಡಾಡಿದೆ, ಪೈಪು ಜೋಡಿಸಿದೆ. ಆ ಗುತ್ತಿಗೆ ಮುಗಿದಾಗ ತಾಯಿಫಿನಲ್ಲಿ ಒಬ್ಬ ಕಫೀಲ್, ಅಂದರೆ ವೀಸಾ ಕೊಡುವ ಧಣಿ, ಫಿಟ್ಟರನನ್ನು ಹುಡುಕುತ್ತಿದ್ದಾನೆ, ಇಕಾಮಾ ಎನ್ನುವ ವಾಸದ ಪರವಾನಗಿಯನ್ನೂ ಬದಲಾಯಿಸಿಕೊಡುತ್ತಾನೆ ಎಂದು ಯಾರೋ ಹೇಳಿದರು. ಬೀಗ ರಿಪೇರಿಯ ಅಂಗಡಿ ಅಂದಿದ್ದರು. ಬಾಗಿಲು ತೆರೆದು ನೋಡಿದರೆ ನೆಲದಿಂದ ಮಾಡಿನವರೆಗೆ ಕೋವಿಗಳು! ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ.

ಕೌಂಟರಿನ ಹಿಂದೆ ಕುಳಿತಿದ್ದ ದಪ್ಪ ಮೀಸೆಯ ಮನುಷ್ಯ ನನ್ನ ಮುಖ ನೋಡಿ ನಗಲು ಶುರು ಮಾಡಿದರು. ಅವರೇ ಹಮೀದಾಕ, ವಿಟ್ಲದ ಬ್ಯಾರಿ, ನನಗಿಂತ ನಾಲ್ಕೈದು ವರ್ಷ ಹಿರಿಯರು. ಅಂಗಡಿಯಲ್ಲಿ ಮಾರಾಟ ನೋಡಿಕೊಳ್ಳುತ್ತಿದ್ದರು.

"ಎಂತ ಮಾರಾಯ್ರೇ, ದೆವ್ವ ಕಂಡ ಹಾಗೆ ನಿಂತಿದ್ದೀರಿ? ಒಳಗೆ ಬನ್ನಿ. ಇವೆಲ್ಲ ಸರ್ಕಾರದ ಲೈಸೆನ್ಸಿನವು. ಯಾವುದೂ ಕಚ್ಚುದಿಲ್ಲ."

"ನನಗೆ ಬೀಗ ಅಂತ ಹೇಳಿದ್ರು ಸಾಯ್ಬ್ರೇ."

"ಬೀಗವೂ ಉಂಟು. ಆ ಕಪಾಟಿಗೆ ಒಂದು ದೊಡ್ಡದು ಉಂಟು, ಬೇಕಾದ್ರೆ ರಿಪೇರಿ ಮಾಡಿ!"

ಅಪ್ಪನ ಕೆಲಸವನ್ನು ಬೇಡ ಎಂದು ಸಮುದ್ರ ದಾಟಿ ಹೋದವನು ಕೊನೆಗೆ ಅದೇ ಕೆಲಸದಲ್ಲಿ ಕೂದಲು ಹಣ್ಣು ಮಾಡಿಕೊಂಡೆ.

ಅಂಗಡಿಯ ಯಜಮಾನರು ಅಬು ಸಾಲೆಮ್. ಬೆಟ್ಟದ ಮೇಲಿನ ಹಳೆಯ ಮನೆತನದವರು, ಗಂಟಲು ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು. ನನ್ನ ಹೆಸರು ಅವರ ನಾಲಗೆಗೆ ಹತ್ತಲಿಲ್ಲ. ಕಮ್ಮಾರ ಎನ್ನುವ ಅರ್ಥದಲ್ಲಿ "ಯಾ ಹದ್ದಾದ್" ಎಂದೇ ಕರೆಯುತ್ತಿದ್ದರು. ಅವರಂಥ ಗುರು ನನಗೆ ಇನ್ನೊಬ್ಬ ಸಿಕ್ಕಲಿಲ್ಲ. ಇದನ್ನು ಮುಂಚಿತವಾಗಿಯೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದವರೆಲ್ಲ ಅವರನ್ನು ಬೈಯುತ್ತಾರೆ.

ತಾಯಿಫಿನ ಬೆಟ್ಟದ ಜನರಲ್ಲಿ ಒಂದು ಕುಣಿತವಿದೆ. ಉದ್ದ ನಳಿಗೆಯ ಹಳೆಯ ಕೋವಿಗೆ ಗುಂಡಿಲ್ಲದೆ ಬರೇ ಮದ್ದು ತುಂಬಿ, ಕುಣಿಯುವವನು ಮೇಲಕ್ಕೆ ಹಾರಿ ತನ್ನ ಕಾಲಡಿಗೇ ಹೊಡೆಯುತ್ತಾನೆ. ಅವನು ಬೆಂಕಿಯ ಮೇಲೆ ನಿಂತ ಹಾಗೆ ಕಾಣುತ್ತದೆ. ಅಂಥ ಒಂದು ಕೋವಿ ನನ್ನ ಬೆಂಚಿಗೆ ಬಂತು. ಅಜ್ಜನ ಕಾಲದಿಂದ ಗೋಡೆಯಲ್ಲಿ ತೂಗುಹಾಕಿದ್ದು, ಖಾಲಿ ಎಂದು ತಂದವನು ಹೇಳಿದ. ಹಿಂಬದಿಯ ತಿರುಪು ತುಕ್ಕು ಹಿಡಿದು ಕೂತಿತ್ತು. ಬಿಸಿ ಮಾಡಿದರೆ ಸಡಿಲವಾಗುತ್ತದೆಂದು ನಾನು ಗ್ಯಾಸ್ ಟಾರ್ಚ್ ಹಚ್ಚಿದೆ. ಅಷ್ಟರಲ್ಲಿ ಅಬು ಸಾಲೆಮ್ ಎಲ್ಲಿಂದ ನೋಡಿದರೋ, ಓಡಿ ಬಂದು ನನ್ನ ಕೈಗೆ ಹೊಡೆದು ಟಾರ್ಚ್ ಬೀಳಿಸಿದರು. ಒಂದು ಕಡ್ಡಿಯನ್ನು ನಳಿಗೆಗೆ ಇಳಿಸಿ, ಬಾಯಿಯ ಹತ್ತಿರ ಹೆಬ್ಬೆರಳಿಟ್ಟು ಗುರುತು ಮಾಡಿ, ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲಿಟ್ಟು ತೋರಿಸಿದರು. ಕಡ್ಡಿ ತಳದವರೆಗೆ ಹೋಗಿರಲಿಲ್ಲ. ಗೇಣಿಗಿಂತ ಸ್ವಲ್ಪ ಕಡಿಮೆ ಬಾಕಿ ಇತ್ತು. ಅಜ್ಜ ತುಂಬಿಟ್ಟ ಮದ್ದು ಅಲ್ಲೇ ಕೂತಿತ್ತು!

"ಖಾಲಿ ಅಂತ ಯಾರು ಹೇಳಿದ್ದು ನಿನಗೆ?"

"ತಂದವರು."

"ಮಾಲೀಕನ ಬಾಯಿ ನೋಡಬೇಡ, ಕೋವಿಯ ಬಾಯಿ ನೋಡು. ಯಾ ಹದ್ದಾದ್, ಇವತ್ತು ನಿನ್ನನ್ನು ಗುಡಿಸಿ ಎತ್ತಬೇಕಾಗುತ್ತಿತ್ತು!"

ಆಮೇಲೆ ಅವರೇ ವರ್ಕ್‌ಶಾಪಿನ ಮೂಲೆಯಲ್ಲಿ ಮರಳು ತುಂಬಿದ ಡ್ರಮ್ಮು ಇಡಿಸಿದರು. ಯಾವ ಕೋವಿ ಬಂದರೂ ಮೊದಲು ಅದರ ಮೂತಿ ಮರಳಿನ ಕಡೆಗೆ, ಆಮೇಲೆ ಉಳಿದ ಮಾತು. ಈ ನಿಯಮ ಕೆಲಸಗಾರರಾದ ನಮಗೆ. ಅವರಿಗೆ ಅವರ ಮನೆತನದ್ದೇ ಬೇರೆ ಪದ್ಧತಿ ಇತ್ತು. ಅತಿಥಿಯ ಕೈಗೆ ಕೋವಿ ಕೊಡುವ ಮೊದಲು ಅವನ ಕಣ್ಣೆದುರೇ ತೋಟೆಗಳನ್ನು ಒಂದೊಂದಾಗಿ ಕೆಡವಬೇಕು, ದೊಡ್ಡ ದನಿಯಲ್ಲಿ ಎಣಿಸಬೇಕು, ಕೊನೆಗೆ ಖಾಲಿ ಕೋವಿಯ ಟ್ರಿಗರ್ ಎಳೆದು 'ಟಕ್' ಅನ್ನಿಸಿ ಕೊಡಬೇಕು. ಆ ಟಕ್ ಸದ್ದು ಕೇಳದೆ ಕೋವಿ ಕೊಟ್ಟರೆ ಅತಿಥಿಗೆ ಅವಮಾನ ಮಾಡಿದ ಹಾಗೆ. ಎಣಿಕೆ ಮುಗಿದ ಮೇಲೆ ಪುನಃ ಒಳಗೆ ಇಣುಕಿ ನೋಡಿದರೆ ತನ್ನ ಮಾತಿನ ಮೇಲೆ ತನಗೇ ನಂಬಿಕೆ ಇಲ್ಲ ಎಂದು ತೋರಿಸಿದ ಹಾಗೆ. ಅವರ ತಂದೆ ಹಾಗೆ ಮಾಡುತ್ತಿದ್ದರಂತೆ, ಅಜ್ಜನೂ ಹಾಗೆಯೇ.

ಆ ತಂದೆ ಬಿಟ್ಟುಹೋದ ಕೋವಿಯೇ ಈ ಕಥೆಯ ಕೋವಿ. ಲಿವರ್ ಕೋವಿ. ಟ್ರಿಗರಿನ ಸುತ್ತ ಕೈ ತೂರಿಸುವ ಒಂದು ಬಳೆಯಂಥ ಲಿವರ್ ಇರುತ್ತದೆ. ನಳಿಗೆಯ ಕೆಳಗೆ ಉದ್ದಕ್ಕೆ ಒಂದು ಕೊಳವೆ, ಅದರೊಳಗೆ ತೋಟೆಗಳು ಒಂದರ ಹಿಂದೆ ಒಂದು ಮಲಗಿರುತ್ತವೆ. ಲಿವರ್ ಕೆಳಗೆ ತಳ್ಳಿದರೆ ನಳಿಗೆಯೊಳಗಿದ್ದ ತೋಟೆ ಹೊರಗೆ ಹಾರುತ್ತದೆ, ಮೇಲೆತ್ತಿದರೆ ಕೊಳವೆಯಿಂದ ಬಂದ ಮುಂದಿನದು ನಳಿಗೆಗೆ ಹೋಗಿ ಕೂರುತ್ತದೆ. "ನನ್ನ ತಂದೆಯ ಕೋವಿ ಹತ್ತೇ ತಿನ್ನುವುದು, ಹನ್ನೊಂದನೆಯದಕ್ಕೆ ಬಾಯಿ ಮುಚ್ಚಿಕೊಳ್ಳುತ್ತದೆ" ಎಂದು ಅಬು ಸಾಲೆಮ್ ಬಂದವರಿಗೆಲ್ಲ ಹೇಳುತ್ತಿದ್ದರು. ಅದಕ್ಕೇ ಅವರು ತುಂಬುವಾಗ ಎಣಿಸುತ್ತಿರಲಿಲ್ಲ. ಹೆಬ್ಬೆರಳಿಗೆ ಸಾಕು ಅನ್ನಿಸುವವರೆಗೆ ಪಕ್ಕದ ಕಿಂಡಿಯಿಂದ ತುರುಕುತ್ತಿದ್ದರು. ಎಣಿಸುತ್ತಿದ್ದದ್ದು ಕೆಡವುವಾಗ ಮಾತ್ರ.

ಒಂದು ವರ್ಷ ಆ ಕೋವಿಯ ತೋಟೆಗಳು ಬರುವುದೇ ನಿಂತುಹೋಯಿತು. ಹಮೀದಾಕ ಎಲ್ಲೆಲ್ಲೋ ವಿಚಾರಿಸಿ ಅದೇ ದಪ್ಪದ, ಆದರೆ ಉದ್ದ ಕಡಿಮೆ ಇರುವ ತೋಟೆಗಳನ್ನು ತರಿಸಿದರು. ಒಂದು ಕುಚ್ಚಲಕ್ಕಿ ಕಾಳಿನಷ್ಟು ಗಿಡ್ಡ, ಅಷ್ಟೇ ವ್ಯತ್ಯಾಸ. ಅದೇ ನಳಿಗೆಗೆ ಇದನ್ನೂ ಹಾಕಬಹುದು, ಹೊಡೆತದ ಜೋರು ಮಾತ್ರ ಸ್ವಲ್ಪ ಕಮ್ಮಿ ಎಂದರು ಅವರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆದರೆ ಗಿಡ್ಡ ತೋಟೆ ಹಾಕಿದರೆ ಕೋವಿ ಪದೇ ಪದೇ ಸಿಕ್ಕಿಬೀಳುತ್ತಿತ್ತು. ಕೊಳವೆಯಿಂದ ಬಂದ ತೋಟೆಯನ್ನು ನಳಿಗೆಯ ಮಟ್ಟಕ್ಕೆ ಎತ್ತಿಕೊಡಲು ಒಳಗೊಂದು ಉಕ್ಕಿನ ನಾಲಗೆಯಿರುತ್ತದೆ. ಅದು ಉದ್ದ ತೋಟೆಯ ಅಳತೆಗೆ ಮಾಡಿದ್ದು. ಗಿಡ್ಡದು ಬಂದು ಕೂತಾಗ ಅದರ ಮುಂದೆ ಸ್ವಲ್ಪ ಜಾಗ ಉಳಿಯುತ್ತಿತ್ತು. ಆ ಜಾಗಕ್ಕೆ ಸಾಲಿನಲ್ಲಿದ್ದ ಮುಂದಿನ ತೋಟೆ ತಲೆ ತೂರಿಸುತ್ತಿತ್ತು, ನಾಲಗೆ ಮೇಲೇಳಲಾಗದೆ ನಿಂತುಬಿಡುತ್ತಿತ್ತು. ಈಗಿನವರಾದರೆ ಹೊಸ ಬಿಡಿಭಾಗಕ್ಕೆ ಆರ್ಡರ್ ಹಾಕುತ್ತಾರೆ. ನಾನು ಅರವನ್ನು ಹಿಡಿದು ಕೂತು ನಾಲಗೆಯ ಮುಂದಿನ ಅಂಚಿಗೆ ಸಣ್ಣ ಇಳಿಜಾರು ಕೊಟ್ಟೆ. ನಾಲಗೆ ಏಳುವಾಗ ಇಣುಕಿದ ತೋಟೆಯನ್ನು ತಾನೇ ಹಿಂದಕ್ಕೆ ತಳ್ಳುವ ಹಾಗಾಯಿತು. ಮದ್ದಿಲ್ಲದ ನಾಲ್ಕು ಡಮ್ಮಿ ತೋಟೆ ಮಾಡಿಕೊಂಡು, ಎರಡು ಉದ್ದ ಎರಡು ಗಿಡ್ಡ ಬೆರೆಸಿ ಹಾಕಿ ನೋಡಿದೆ. ಬೆಣ್ಣೆಯಂತೆ ಓಡಿತು. ಅಬು ಸಾಲೆಮ್ ಲಿವರ್ ಆಡಿಸಿ ಆಡಿಸಿ ನೋಡಿ ನನ್ನ ಹಣೆಗೆ ಮುತ್ತು ಕೊಟ್ಟರು. ಹಮೀದಾಕ ಆ ಇಡೀ ವಾರ ನನ್ನನ್ನು "ಮುತ್ತಿನ ಆಚಾರ್ರು" ಎಂದು ಕರೆದು ಜೀವ ತಿಂದರು.

ಮರುವಾರ ರಾಬಿಗ್‌ನಿಂದ ಅಬು ಸಾಲೆಮ್‌ರ ಹಳೆಯ ಸ್ನೇಹಿತರೊಬ್ಬರು ಬಂದರು. ಹಿಂದಿನ ದಿನ ನಾನು ಆ ಕೋವಿಯನ್ನು ಉಜ್ಜಿ, ಎಣ್ಣೆ ಹಾಕಿ, ಜಾಗಕ್ಕೆ ಇಟ್ಟಿದ್ದೆ. ಸ್ನೇಹಿತರನ್ನು ಸಂಜೆ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗುವ ಉಮೇದಿನಲ್ಲಿ ಅಬು ಸಾಲೆಮ್ ಬೆಳಿಗ್ಗೆಯೇ ಫೋನಿನಲ್ಲಿ ಮಾತನಾಡುತ್ತಾ ಅದಕ್ಕೆ ಹೊಸ ಗಿಡ್ಡ ತೋಟೆಗಳನ್ನು ತುಂಬಿಟ್ಟಿದ್ದರು. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಇಬ್ಬರೂ ಅಂಗಡಿಯ ಹಿಂದಿನ ಕೂರುವ ಕೋಣೆಯಲ್ಲಿ ಕಾರ್ಪೆಟ್ಟಿನ ಮೇಲೆ ಕುಳಿತರು. ಹಮೀದಾಕ ಗೋಡೆಯ ಆಚೆ, ಚಾ ಕಾಸುವ ಸಣ್ಣ ಕೋಣೆಯಲ್ಲಿ ಗಹ್ವಾ, ಅಂದರೆ ಅರಬಿ ಕಾಫಿ, ಸೋಸುತ್ತಿದ್ದರು. ನಾನು ವರ್ಕ್‌ಶಾಪಿನ ಬಾಗಿಲಲ್ಲಿ ಕೈ ಒರೆಸುತ್ತಾ ನಿಂತಿದ್ದೆ.

ಅಬು ಸಾಲೆಮ್ ಕೋವಿ ಎತ್ತಿಕೊಂಡು ಲಿವರ್ ಆಡಿಸತೊಡಗಿದರು. ವಾಹಿದ್, ಇತ್ನೇನ್, ತಲಾತಾ... ತೋಟೆಗಳು ಕಾರ್ಪೆಟ್ಟಿನ ಮೇಲೆ ಬೀಳುತ್ತಿದ್ದವು. ಸ್ನೇಹಿತರು ನಗುತ್ತಾ ತಾವೂ ಎಣಿಸುತ್ತಿದ್ದರು. "ಅಶರಾ!" ಎಂದರು ಇಬ್ಬರೂ. ಹತ್ತು. ಅಬು ಸಾಲೆಮ್ ಲಿವರ್ ಮೇಲೆತ್ತಿದರು, ಕೋವಿಯನ್ನು ಗೋಡೆಯ ಕಡೆಗೆ ಹಿಡಿದರು, ಟಕ್ ಅನ್ನಿಸಲು ಟ್ರಿಗರ್ ಎಳೆದರು.

ಕೋಣೆಯೇ ಒಡೆದುಹೋದಂಥ ಸದ್ದು! ಕಿವಿ ಮುಚ್ಚಿಹೋಯಿತು, ಹೊಗೆ ಎದ್ದಿತು. ಗೋಡೆ ಎಂದರೆ ಗೋಡೆಯಲ್ಲ, ಜಿಪ್ಸಮ್ಮಿನ ಹಲಗೆ. ಅದರಲ್ಲಿ ಬೆರಳು ತೂರುವಷ್ಟು ತೂತು. ಆಚೆಯಿಂದ ಗಹ್ವಾದ ಪಾತ್ರೆ ಬಿದ್ದ ಶಬ್ದ. ಆಮೇಲೆ ಹಮೀದಾಕನ ಸ್ವರ, ಬಹಳ ಸಣ್ಣದಾಗಿ.

"ಆಚಾರ್ರೇ... ಇಲ್ಲಿ ಬನ್ನಿ ಒಮ್ಮೆ."

ಅವರು ನೆಲದ ಮೇಲೆ ಕೂತುಬಿಟ್ಟಿದ್ದರು. ಸೊಂಟದ ಮೇಲೆ ಕೈ ಒತ್ತಿಕೊಂಡಿದ್ದರು, ಬೆರಳುಗಳ ಸಂದಿಯಿಂದ ರಕ್ತ ಬರುತ್ತಿತ್ತು. "ಎಂತ ಆದದ್ದು? ಯಾರು ಹೊಡ್ದದ್ದು?" ಎಂದು ನನ್ನನ್ನೇ ಕೇಳುತ್ತಿದ್ದಾರೆ. ನಾನು ನನ್ನ ಅಂಗಿ ಬಿಚ್ಚಿ ಗಾಯಕ್ಕೆ ಒತ್ತಿ ಹಿಡಿದು ಬೊಬ್ಬೆ ಹಾಕಿದೆ. ರಾಬಿಗ್‌ನ ಸ್ನೇಹಿತರು ಆಂಬುಲೆನ್ಸಿಗೆ ಫೋನು ಮಾಡಿದರು. ಅಬು ಸಾಲೆಮ್ ಮಾತ್ರ ಕೋವಿ ಹಿಡಿದುಕೊಂಡು ಚಾ ಕೋಣೆಯ ಬಾಗಿಲಿಗೆ ಬಂದು ಅಲ್ಲೇ ನಿಂತುಬಿಟ್ಟರು.

"ಹತ್ತು ಬಿತ್ತು. ನೀವೂ ಎಣಿಸಿದಿರಿ. ಇದು ತಿನ್ನುವುದೇ ಹತ್ತು" ಎಂದರು. ಪುನಃ ಪುನಃ ಅದನ್ನೇ ಹೇಳಿದರು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು. "ಹಾಗಾದರೆ ನಳಿಗೆಯಲ್ಲಿ ಒಂದು ಮೊದಲೇ ಇತ್ತು. ನಿನ್ನೆ ಇದು ಯಾರ ಕೈಯಲ್ಲಿತ್ತು?"

ಎಲ್ಲರೂ ನನ್ನನ್ನು ನೋಡಿದರು. ಹಮೀದಾಕನೂ ನೆಲದಿಂದ ತಲೆ ಎತ್ತಿ ನೋಡಿದರು.

ಮೊದಲೇ ಒಂದು ಇದ್ದಿದ್ದರೆ ಹತ್ತರ ಜೊತೆಗೆ ಅದೂ ಸೇರಿ ಹನ್ನೊಂದಾಗುತ್ತಿತ್ತು. ಹತ್ತು ಬಿದ್ದು, ಹನ್ನೊಂದನೆಯದು ನಳಿಗೆಗೆ ಹೋಗುತ್ತಿತ್ತು. ಅವರ ಮಾತಿನಲ್ಲಿ ಲೆಕ್ಕ ಸರಿ ಇತ್ತು. ಪೊಲೀಸರ ಎದುರು ಅವರು ತಾವು ನಂಬಿದ್ದನ್ನೇ ಹೇಳಿದರು. ಪೊಲೀಸರು ನನ್ನನ್ನು ಠಾಣೆಗೆ ಕರೆದುಕೊಂಡು ಹೋದರು. ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ, ಕುಡಿಯಲು ನೀರು ಕೊಟ್ಟರು. ಆದರೆ ಹಮೀದಾಕ ಸತ್ತರೆ ನಾನು ಅವರನ್ನು ಕೊಂದವನಾಗುತ್ತೇನೆ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಇನ್ನೊಂದು ಹೇಳಬೇಕು. ನಾನು ಆ ಕೋವಿಯನ್ನು ಖಾಲಿ ಇಟ್ಟಿದ್ದೆ ಎನ್ನುವುದು ನನಗೇ ಖಾತ್ರಿಯಿರಲಿಲ್ಲ. ನಳಿಗೆಗೆ ಬ್ರಶ್ಶು ಹಾಕಿದ್ದು ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. ಆದರೆ ಅದು ನಿನ್ನೆಯದೋ ಮೊನ್ನೆಯದೋ? ದಿನಾ ಮಾಡುವ ಕೆಲಸ ತಲೆಯಲ್ಲಿ ಬೇರೆ ಬೇರೆಯಾಗಿ ನಿಲ್ಲುವುದಿಲ್ಲ, ಎಲ್ಲ ಕಲಸಿಹೋಗುತ್ತದೆ. ಡಮ್ಮಿ ತೋಟೆಯ ಜೊತೆ ನಿಜದ್ದೊಂದು ಸೇರಿಹೋಯಿತೇ? ಯೋಚಿಸಿದಷ್ಟೂ ನಾನೇ ಕೈಯಾರೆ ತೋಟೆ ಹಾಕಿದ ಚಿತ್ರ ಸ್ಪಷ್ಟವಾಗುತ್ತಾ ಬಂತು. ನಿರಪರಾಧಿಯ ತಲೆ ಹೀಗೂ ಕೆಲಸ ಮಾಡುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ!

ಮರುದಿನ ಬೆಳಿಗ್ಗೆ ತನಿಖೆಯ ಅಧಿಕಾರಿ ನನ್ನನ್ನು ಅಂಗಡಿಗೇ ಕರೆದುಕೊಂಡು ಬಂದ. ಮೆತ್ತಗೆ ಮಾತನಾಡುವ ಮನುಷ್ಯ. ಹಮೀದಾಕನ ಆಪರೇಶನ್ ಮುಗಿದಿದೆ, ಜೀವ ಇದೆ ಎಂದು ದಾರಿಯಲ್ಲಿ ಅವನೇ ಹೇಳಿದ. ವರ್ಕ್‌ಶಾಪಿನಲ್ಲಿ ಅಬು ಸಾಲೆಮ್‌ರನ್ನು ಮರಳಿನ ಡ್ರಮ್ಮಿನ ಹತ್ತಿರ ನಿಲ್ಲಿಸಿ, "ನಿನ್ನೆ ಹೇಗೆ ತುಂಬಿದಿರೋ ಹಾಗೆ ತುಂಬಿ ತೋರಿಸಿ" ಎಂದ.

ಅವರು ಅದೇ ಪೆಟ್ಟಿಗೆಯಿಂದ ತೋಟೆ ತೆಗೆದು ಕಿಂಡಿಯೊಳಗೆ ತುರುಕತೊಡಗಿದರು. ಈ ಸಲ ಅಧಿಕಾರಿ ಎಣಿಸಿದ. ಹತ್ತು ಹೋಯಿತು.

"ತುಂಬಿತಾ?"

"ತುಂಬಿತು. ಹೇಳಿದೆನಲ್ಲ, ನನ್ನ ತಂದೆಯ ಕಾಲದಿಂದ ಹತ್ತೇ. ನೋಡಿ ಬೇಕಾದರೆ" ಎಂದು ಅಬು ಸಾಲೆಮ್ ಇನ್ನೊಂದು ತೋಟೆ ತೆಗೆದು, ಒಳಗೆ ಹೋಗುವುದಿಲ್ಲ ಎಂದು ತೋರಿಸಲಿಕ್ಕಾಗಿ ಕಿಂಡಿಗೆ ಒತ್ತಿದರು.

ಅದು ಒಳಗೆ ಹೋಯಿತು.

ಕಿಂಡಿಯ ಮುಚ್ಚಳ ಟಪ್ಪೆಂದು ಮುಚ್ಚಿಕೊಂಡಿತು. ಅವರ ಹೆಬ್ಬೆರಳು ಅಲ್ಲೇ ನಿಂತಿತ್ತು. ಒಂದೊಂದರಲ್ಲಿ ಅಕ್ಕಿಕಾಳಿನಷ್ಟು ಉಳಿದ ಜಾಗವೆಲ್ಲ ಸೇರಿ ಕೊಳವೆಯ ಕೊನೆಯಲ್ಲಿ ಇನ್ನೊಂದು ಇಡೀ ತೋಟೆಯ ಜಾಗವಾಗಿತ್ತು. ಉದ್ದ ತೋಟೆ ಹಿಡಿಯುತ್ತಿದ್ದದ್ದು ಹತ್ತು, ಗಿಡ್ಡದ್ದು ಹನ್ನೊಂದು. ಇಷ್ಟು ವರ್ಷ ಕೋವಿಗಳ ನಡುವೆಯೇ ಬದುಕಿದ ನಮ್ಮ ಮೂವರಲ್ಲಿ ಒಬ್ಬರ ತಲೆಗೂ ಇದು ಹೊಳೆದಿರಲಿಲ್ಲ. ಮದ್ದು ತುಂಬಿದ ಅಜ್ಜನ ಕೋವಿಯಿಂದ ನನ್ನನ್ನು ಉಳಿಸಿದ ಮನುಷ್ಯ ತನ್ನ ಅಪ್ಪನ ಎಣಿಕೆಯನ್ನು ಮಾತ್ರ ಪರೀಕ್ಷಿಸಿರಲಿಲ್ಲ.

ಹುಡುಗರೇ, ಈಗ ನಿಮ್ಮ ಕ್ಲಬ್ಬುಗಳಲ್ಲಿ ನಳಿಗೆಯೊಳಗೆ ಬಣ್ಣದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಖಾಲಿ ಎಂದು ತೋರಿಸುತ್ತಾರಂತೆ. ತೂರಿಸಿ. ಅದರ ಮೇಲೂ ಬೆರಳು ಹಾಕಿ ಮುಟ್ಟಿ ನೋಡಿ. ಎಣಿಸಿದೆ ಎಂದು ಯಾರೇ ಹೇಳಿದರೂ, ಅವನು ನಿಮಗೆ ವಿದ್ಯೆ ಕಲಿಸಿದವನಾದರೂ, ಮುಟ್ಟಿ ನೋಡಿ.

ಅಬು ಸಾಲೆಮ್ ಕೋವಿಯನ್ನು ಮರಳಿನ ಮೇಲೆ ಇಟ್ಟರು. "ಅವನನ್ನು ಬಿಡಿ. ನನ್ನ ಹೆಸರು ಬರೆದುಕೊಳ್ಳಿ. ಹೊಡೆದದ್ದು ನಾನು, ತುಂಬಿದ್ದೂ ನಾನು" ಎಂದರು. ನನ್ನ ಕಡೆ ನೋಡಲಿಲ್ಲ. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಕೂಗಿಬಿಡಬೇಕು ಅನ್ನಿಸಿತು.

ಅಧಿಕಾರಿ ಮಾತ್ರ ಹುಬ್ಬು ಗಂಟಿಕ್ಕಿ ನಿಂತಿದ್ದ. "ಹಾಗಾದರೆ ಆಸ್ಪತ್ರೆಯಲ್ಲಿರುವವನು ತಾನೇ ಹಾಕಿದ್ದು ಎಂದು ಯಾಕೆ ಹೇಳಿದ?" ಎಂದ.

ನಾನೂ ಅಬು ಸಾಲೆಮ್‌ರೂ ಮುಖ ಮುಖ ನೋಡಿಕೊಂಡೆವು. ಆಪರೇಶನ್ನಿಗೆ ಒಯ್ಯುವ ಮೊದಲು ಹಮೀದಾಕ ಅರಬಿಯಲ್ಲಿ ಹೇಳಿಕೆ ಕೊಟ್ಟಿದ್ದರಂತೆ. 'ಮಧ್ಯಾಹ್ನ ಗಿರಾಕಿಗೆ ತೋರಿಸಲು ನಳಿಗೆಗೆ ತೋಟೆ ಹಾಕಿದ್ದು ನಾನು, ತೆಗೆಯಲು ಮರೆತೆ, ಕಮ್ಮಾರನದು ಏನೂ ತಪ್ಪಿಲ್ಲ' ಎಂದು. ಯಜಮಾನ ಒಬ್ಬನ ಹೆಸರು ಹೇಳಿದ್ದಾನೆ, ಗುಂಡು ಬಿದ್ದವನು ತನ್ನದೇ ಹೆಸರು ಹೇಳಿದ್ದಾನೆ. ಎರಡೂ ಹೊಂದದೆ ಹೋದದ್ದರಿಂದಲೇ ಅಧಿಕಾರಿ ನಮ್ಮನ್ನು ಅಂಗಡಿಗೆ ತಂದದ್ದು.

ಅಧಿಕಾರಿ ಬಿಟ್ಟ ಕೂಡಲೇ ನಾನು ಅಂಗಡಿಯಿಂದ ನೇರ ಆಸ್ಪತ್ರೆಗೆ ಹೋದೆ. ಅಬು ಸಾಲೆಮ್‌ರನ್ನೂ ಅಧಿಕಾರಿ ಹಿಂದಿನಿಂದಲೇ ಕರೆತಂದ. ಹಮೀದಾಕ ಕಣ್ಣು ತೆರೆದು ಮಲಗಿದ್ದರು, ಮೂಗಿಗೆ ಆಕ್ಸಿಜನ್ ಪೈಪು ಹಾಕಿದ್ದರು. ಸೊಂಟದ ಎಲುಬು ಒಡೆದಿದೆ, ಬದುಕುತ್ತಾರೆ, ಕುಂಟುತ್ತಾರೆ ಎಂದು ನರ್ಸಮ್ಮ ಹೇಳಿದರು.

"ಎಂತ ಹಮೀದಾಕ ನೀವು ಮಾಡಿದ್ದು? ಎಂತಕ್ಕೆ ಹಾಗೆ ಸುಳ್ಳು ಹೇಳಿದ್ದು?"

"ಮತ್ತೆ ಎಂತ ಹೇಳುದು ಮಾರಾಯ್ರೇ? ನೀವು ಉಜ್ಜುವಾಗ ಮರ್ತು ಬಿಟ್ಟಿದ್ದೀರಿ ಅಂತ ಗ್ರೇಶಿದೆ. ನಾನು ಹೇಗೂ ಹೋಗುವವ ಅಂತ ಕಂಡಿತು. ಸಾಯುವವನ ಮೇಲೆ ಕೇಸು ಹಾಕಿ ಎಂತ ಮಾಡ್ತಾರೆ? ನೀವಾದ್ರೂ ಊರಿಗೆ ಹೋಗ್ಲಿ ಅಂತ."

ನಾನು ಮಂಚದ ಪಕ್ಕ ಕೂತು ನಡೆದದ್ದನ್ನೆಲ್ಲ ಹೇಳಿದೆ. ಹತ್ತಾದ ಮೇಲೆ ಇನ್ನೊಂದು ತೋಟೆ ಒಳಗೆ ಹೋದದ್ದನ್ನು ಹೇಳುವಾಗ ಅವರು ಉಸಿರು ಹಿಡಿದುಕೊಂಡು ಕೇಳಿದರು.

"ಹಾಗಾದ್ರೆ ನೀವು ಮರ್ತದ್ದೇ ಅಲ್ಲ?"

"ಅಲ್ಲ ಹಮೀದಾಕ."

ಅವರ ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆಗೆ ಹೋಯಿತು. ಸೂಜಿ ಚುಚ್ಚಿದ ಕೈಯನ್ನು ಎತ್ತಲಾಗದೆ ಎತ್ತಿ ನನ್ನ ಮಣಿಕಟ್ಟು ಹಿಡಿದರು. "ನಾನು ನಿಮ್ಮನ್ನು ಸಂಶಯಪಟ್ಟೆ ಅಲ್ವಾ ಆಚಾರ್ರೇ. ನೀವು ಅಂಥ ಕೆಲಸ ಮಾಡುವವರಲ್ಲ ಅಂತ ನನಗೆ ಗೊತ್ತಿರ್ಬೇಕಿತ್ತು. ಮಾಫ್ ಮಾಡಿ. ದೊಡ್ಡ ಮನಸ್ಸು ಮಾಡಿ ನನ್ನನ್ನು ಮಾಫ್ ಮಾಡಿ" ಎಂದರು.

ಸೊಂಟಕ್ಕೆ ಗುಂಡು ತಿಂದು, ನನ್ನ ತಲೆಯ ಮೇಲಿದ್ದ ಆರೋಪವನ್ನು ತನ್ನ ಮೇಲೆ ಎಳೆದುಕೊಂಡ ಮನುಷ್ಯ ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದರು! ಅವರ ಕೈಯನ್ನು ಹಾಗೇ ಹಿಡಿದುಕೊಂಡು ಮಗುವಿನ ಹಾಗೆ ಅತ್ತುಬಿಟ್ಟೆ.

ಬಾಗಿಲಲ್ಲಿ ನಿಂತಿದ್ದ ಅಬು ಸಾಲೆಮ್‌ರಿಗೆ ನಮ್ಮ ಭಾಷೆ ತಿಳಿಯಲಿಲ್ಲ. "ಏನು ಹೇಳುತ್ತಿದ್ದಾನೆ? ನನ್ನನ್ನು ಬೈಯುತ್ತಿದ್ದಾನಾ? ಬೈಯಲಿ, ಏನೆಂದು ನನಗೆ ಹೇಳು" ಎಂದರು.

"ಬೈಯುತ್ತಿಲ್ಲ" ಎಂದೆ. "ಒಂದು ದಿನ ನನ್ನನ್ನು ಸಂಶಯಪಟ್ಟದ್ದಕ್ಕೆ ಕ್ಷಮೆ ಕೇಳುತ್ತಿದ್ದಾರೆ."

"ಅವನು? ನಿನ್ನ ಹತ್ತಿರ?"

ನಾನು ಹೌದೆಂದು ತಲೆಯಾಡಿಸಿದೆ. ಅಬು ಸಾಲೆಮ್ ಒಳಗೆ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಆಸ್ಪತ್ರೆಯ ನೆಲದ ಮೇಲೆ ಕುಸಿದು ಕುಳಿತರು.